ಅರ್ಧ ಉಗುರಿನ ಕರಿ

"ಸೆರಗ ಝಾಡಸ. ಕೈ ತೋರಸ. ಎರಡೂ ಕೈ, ಬೋಸಡಿ."

ಕಾವಲಿನ ಹನುಮಪ್ಪ ಗೇಟಿನಲ್ಲಿ ಕೋಲು ಹಿಡಿದು ನಿಂತಿದ್ದ. ಗುಡ್ಡವ್ವನ ಬುತ್ತಿಗಂಟನ್ನು ಕೋಲಿನ ತುದಿಯಿಂದಲೇ ಬಿಚ್ಚಿದ, ಕೈಯಿಂದ ಮುಟ್ಟಲಿಲ್ಲ. ಉಳಿದಿದ್ದ ಅರ್ಧ ರೊಟ್ಟಿ, ಚಟ್ನಿಪುಡಿಯ ಡಬ್ಬಿ, ಸ್ಟೀಲಿನ ಲೋಟ ಮಣ್ಣಿಗೆ ಬಿದ್ದವು. ಲೋಟ ಉರುಳಿಕೊಂಡು ನಮ್ಮ ಕಾಲ ಬಳಿಗೇ ಬಂತು. ಅವಳ ಹಿಂದೆ ಸಾಲಿನಲ್ಲಿ ಹನ್ನೊಂದು ಹೆಂಗಸರು ನಿಂತಿದ್ದೆವು. ಒಬ್ಬರೂ ಬಗ್ಗಿ ಎತ್ತಿಕೊಡಲಿಲ್ಲ.

ನಮ್ಮದು ಗಬ್ಬೂರ ಬೈಪಾಸಿಗೆ ಹತ್ತಿದ ಬಣ್ಣದ ಶೆಡ್ಡು. ಬರೀ ಗಿಡದ ಬಣ್ಣ, ರಾಸಾಯನಿಕ ಇಲ್ಲವೇ ಇಲ್ಲ ಎಂದು ಗೋಡೆಯ ಮೇಲೆ ಆಳೆತ್ತರ ಬರೆಸಿದ್ದಾರೆ. ಜ್ಯೂಸ್ ಅಂಗಡಿಯ ದಾಳಿಂಬೆ ಸಿಪ್ಪೆ, ಮಾರ್ಕೆಟ್ಟಿನ ಉಳ್ಳಾಗಡ್ಡಿ ಸಿಪ್ಪೆ, ಗುಡಿಯಲ್ಲಿ ಬಾಡಿದ ಚೆಂಡು ಹೂ, ಇವನ್ನು ಕುದಿಸಿ ಸೋಸಿ ಸೀರೆಗೆ ಬಣ್ಣ ಹತ್ತಿಸುತ್ತೇವೆ. ಕುದಿದ ಸಿಪ್ಪೆ ಗೊಬ್ಬರವಾಗುತ್ತದೆ, ಉಳಿದ ನೀರು ಬಾಳೆಗಿಡಕ್ಕೆ ಹೋಗುತ್ತದೆ. ಕರಿ ಬಣ್ಣ ಮಾತ್ರ ಗುಡ್ಡವ್ವ ತಂದದ್ದು. ತುಕ್ಕು ಹಿಡಿದ ಎತ್ತಿನ ಲಾಳಗಳನ್ನು ಬೆಲ್ಲದ ನೀರಿನಲ್ಲಿ ಹದಿನೈದು ದಿನ ಕೊಳೆಸಿ, ಅಳಲೇಕಾಯಿ ರಸ ಕುಡಿದ ಅರಿವೆಯನ್ನು ಅದರಲ್ಲಿ ಅದ್ದಿದರೆ ಕಣ್ಣೆದುರೇ ಕಾಗೆಯಾಗುತ್ತದೆ. ಅವಳ ಮಾವ ಮೈಲಾರಪ್ಪನ ಮನೆತನದಲ್ಲಿ ತೊಗಲಿಗೆ ಕರಿ ಹಚ್ಚುತ್ತಿದ್ದದ್ದೇ ಈ ನೀರಿನಿಂದ. ಸಾವಕಾರ ಶಿವಯೋಗೀಶರು ಅದನ್ನು ಕೇಳಿ ಕಲಿತು, ಗಿರಾಕಿಗಳಿಗೆ ಕೊಡುವ ಪುಸ್ತಕದಲ್ಲಿ ತಮ್ಮ ಸಂಶೋಧನೆ ಎಂದು ಅಚ್ಚು ಹಾಕಿಸಿದರು.

ನೀರು ಪಕ್ಕಾ ಆಯಿತೋ ಇಲ್ಲವೋ ಎಂಬುದನ್ನು ಗುಡ್ಡವ್ವ ನಾಲಿಗೆಯಿಂದ ನೋಡುತ್ತಿದ್ದಳು. ಬೆರಳು ಅದ್ದಿ ನೆಕ್ಕಿದರೆ ಹುಳಿಯ ಹಿಂದೆ ಒಗರು ಬಂದು ಬಾಯಿ ಹಿಂಡಬೇಕು. ಎರಡು ತಿಂಗಳ ಹಿಂದೆ ಸಾವಕಾರರು ಅದನ್ನು ಕಂಡರು.

"ಕೆರಾ ಹೊಲಿಯೂ ಮಂದಿ ಎಂಜಲಾ ನನ್ನ ಗಿರಾಕಿ ಮೈಗೆ ಸುತ್ಕೋಬೇಕೇನ? ಚೆಲ್ಲದನ್ನ."

ಹದಿನೈದು ದಿನದ ನೀರನ್ನು ಅವಳ ಕೈಯಿಂದಲೇ ಗಟಾರಿಗೆ ಹೊಯ್ಯಿಸಿದರು. ಮರುದಿನದಿಂದ, ಕರಿ ನೀರು ಕೊಳೆಸುತ್ತಿದ್ದ ಹಿಂದಿನ ಕೋಣೆಗೆ ಬೀಗ ಬಿತ್ತು. ಕರಿ ನೀರನ್ನು ಸಾವಕಾರರೇ ಅಲ್ಲಿಂದ ಕ್ಯಾನಿನಲ್ಲಿ ತಂದು ಹಂಡೆಗೆ ಸುರಿಯತೊಡಗಿದರು. ಬಾಯಿಗೆ ಹಾಕಿದವರ ಕೆಲಸ ಹೋಯಿತೆಂದೇ ತಿಳಿಯಿರಿ ಎಂದರು. ಗುಡ್ಡವ್ವ ಅದ್ದುವುದು, ನಾವು ಹಿಂಡುವುದು, ಅಷ್ಟೇ.

ಹೋದ ವಾರ, ಬರೀ ಗಿಡದ ಬಣ್ಣ ಎಂದು ಸರ್ಟಿಫಿಕೇಟು ಕೊಡುವ ಕಚೇರಿಯಿಂದ ಕಾಗದ ಬಂತು. ಕರಿ ಸೀರೆಗಳಲ್ಲಿ ರಾಸಾಯನಿಕ ಸಿಕ್ಕಿದೆಯಂತೆ, ನೋಡಲು ಆರತಿ ಎಂಬ ಮೇಡಂ ಬರುತ್ತಾರಂತೆ. ಹೆಂಗಸರಲ್ಲಿ ಯಾರೋ ಹೊಟ್ಟೆಕಿಚ್ಚಿಗೆ ರಾಸಾಯನಿಕದ ಪುಡಿ ಕಲಸಿದ್ದಾರೆ ಎಂದು ಸಾವಕಾರರು ಸಾರಿದರು. ಅಂದಿನಿಂದ ಗೇಟಿನಲ್ಲಿ ಮೈ, ಗಂಟು ತಡಕುವ ಈ ಝಡತಿ. ಮುಚ್ಚಿಡುವುದೇನು, ನಮಗೂ ಗುಡ್ಡವ್ವನ ಮೇಲೇ ಸಂಶಯ ಬಂತು. ಹಂಡೆಯ ಮುಂದೆ ದಿನವಿಡೀ ನಿಲ್ಲುವವಳು ಅವಳು, ಅವಮಾನ ಉಂಡವಳೂ ಅವಳು. ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ಅಮೀನಾಬಿ ಡಬ್ಬಿ ತೆಗೆದುಕೊಂಡು ಬೇರೆ ಕಡೆ ಕೂತಳು.

ಗೇಟಿನ ಹೊರಗೆ ಬೇವಿನ ಬುಡದಲ್ಲಿ ಮೈಲಾರಪ್ಪ ಚಪ್ಪಲಿ ಹೊಲಿಯುತ್ತ ಕೂತಿರುತ್ತಾನೆ. ಬುತ್ತಿ ಮಣ್ಣಿಗೆ ಬಿದ್ದ ಆ ಸಂಜೆ ಸೊಸೆಯ ಕೈಯನ್ನು ಹಿಡಿದುಕೊಂಡ. ಟೆಂಪೋಕ್ಕೆ ಕಾಯುತ್ತಿದ್ದ ನಾವು ಕಿವಿ ಅತ್ತಲೇ ಇಟ್ಟಿದ್ದೆವು.

"ದಿನಾ ಕರೇದಾಗ ಕೈ ಅದ್ದತಿಯಲ್ಲ?"

"ಹೌದ್ರಿ ಮಾವ. ಮುಂಜಾನಿಂದ ಸಂಜೀತನಕ."

"ಮತ್ತ ಉಗುರ ಬುಡಕ ಯಾಕ ಬೆಳ್ಳಗ ಅದಾವ?"

ತನ್ನ ಹೆಬ್ಬೆರಳನ್ನು ಅವಳ ಹೆಬ್ಬೆರಳಿನ ಪಕ್ಕಕ್ಕೆ ಇಟ್ಟ. ಇವತ್ತಿಗೂ ತೊಗಲಿಗೆ ಕರಿ ಹಚ್ಚುವವನು, ಉಗುರು ಬುಡದಿಂದ ತುದಿಯವರೆಗೆ ಇದ್ದಿಲು. ಅವಳದು ತುದಿಯಲ್ಲಷ್ಟೇ ಕರಿ, ಕೆಳಗೆ ಅರ್ಧ ಬಿಳಿ.

"ನಮ್ಮ ನೀರ ಹತ್ತಿದ್ರ ಉಗುರ ಬೆಳದ ಹೊಕ್ಕೈತಿ, ತೊಳದ ಹೋಗೂದಿಲ್ಲ," ಎಂದ ಮುದುಕ. "ಇದು ತೊಳದ್ರ ಹೋಗಾಕತ್ತೈತಿ. ನೀ ಅದ್ದೂದು ನಮ್ಮ ನೀರಲ್ಲವಾ."

ಗುಡ್ಡವ್ವ ಕೈಯನ್ನು ಬೆಳಕಿಗೆ ಹಿಡಿದು ಒಂದೊಂದೇ ಉಗುರು ನೋಡಿದಳು. ನಾವು ಟೆಂಪೋ ಬಂದದ್ದೇ ನೆವವಾಗಿ ಎದ್ದೆವು.

ಮರುದಿನ ಮುಂಜಾನೆ ಸಾವಕಾರರು ಅವಳನ್ನು ಕರೆದರು. ಅವರು ಒಳಗೆ ಕುರ್ಚಿಯ ಮೇಲೆ, ಅವಳು ಹೊಸ್ತಿಲ ಆಚೆ. ದನಿ ಬೆಲ್ಲದಂತಿತ್ತು.

"ನೋಡವಾ ಗುಡ್ಡವ್ವ, ಮೇಡಂ ಕೇಳಿದ್ರ, ತಿಳೀದ ಪುಡಿ ಹಾಕೇನ್ರಿ, ತಪ್ಪಾತು ಅನ್ನು. ನಿನ್ನ ಕೆಲಸಾ ಎಲ್ಲೂ ಹೋಗೂದಿಲ್ಲ. ಇಲ್ಲಂದ್ರ ಪೊಲೀಸರು ಬರ್ತಾರ, ಎಲ್ಲಾರನ್ನೂ ಕರಕೊಂಡ ಹೊಕ್ಕಾರ."

"ಯಾವ ಪುಡಿ ಅಂತ ಹೇಳ್ರಿ ಸಾವಕಾರ್ರ? ಹೆಸರ ಕೇಳಿದ್ರ ಹೇಳಬೇಕಲ್ರಿ."

 ಹೆಸರು ಕಟ್ಟಿಕೊಂಡು ನಿನಗೇನು, ಹೇಳಿದಷ್ಟು ಮಾಡು ಎಂದರು ಸಾವಕಾರರು.

ಅವಳು ಈಚೆ ಬಂದಾಗ ಅಮೀನಾಬಿ ಪಿಸುಗುಟ್ಟಿದಳು, "ಒಪ್ಕೊಂಡ ಬಿಡ ಗುಡ್ಡಕ್ಕ. ನಮ್ಮ ಕೆಲಸಾನೂ ಉಳೀತೈತಿ." ಉಳಿದ ನಾವು ಸುಮ್ಮನಿದ್ದೆವು. ಆ ಸುಮ್ಮನಿದ್ದುದರಲ್ಲಿ ನಮ್ಮ ಮಾತೂ ಅದೇ ಆಗಿತ್ತು.

ಹನ್ನೊಂದಕ್ಕೆ ಆರತಿ ಮೇಡಂ ಬಂದರು. ಸಾವಕಾರರು ಸಿಪ್ಪೆಯ ರಾಶಿ, ಗೊಬ್ಬರದ ಗುಂಡಿ ಎಲ್ಲ ತೋರಿಸಿ ಕರಿ ಹಂಡೆಯ ಬಳಿ ತಂದು ನಿಲ್ಲಿಸಿದರು.

"ನಮ್ಮ ಬಣ್ಣದ ನೀರು ಕುಡದ್ರೂ ಏನೂ ಆಗೂದಿಲ್ಲ ಮೇಡಂ," ಎಂದರು. ಬಂದವರಿಗೆಲ್ಲ ಹೇಳುವ ಮಾತು, ಬಾಯಿಗೆ ತಾನಾಗಿ ಬಂದಿರಬೇಕು. "ಏನೋ ಈ ಹೆಣ್ಮಗಳು ತಿಳೀದ ತಪ್ಪ ಮಾಡ್ಯಾಳ. ಹೇಳ ಗುಡ್ಡವ್ವ."

ಗುಡ್ಡವ್ವ ಬುತ್ತಿಗಂಟಿನಿಂದ ಸ್ಟೀಲಿನ ಲೋಟ ತೆಗೆದಳು. ಹಂಡೆಯಲ್ಲಿ ಅದ್ದಿ ತುಂಬಿದಳು. ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಕೊಡುವಂತೆ, ಸಾವಕಾರರ ಮುಂದೆ ಚಾಚಿದಳು.

"ಒಂದ ಗುಟುಕು ಕುಡೀರಿ ಸಾವಕಾರ್ರ."

ಸಾವಕಾರರ ಹಣೆಯ ವಿಭೂತಿಯ ಮೇಲೆ ಬೆವರು ಮೂಡಿತು. "ಏನ್ ಹುಚ್ಚಾಟಾ ಇದು. ನೀನ ಕುಡಿ ಮೊದಲ."

"ನಾ ಕುಡದ್ರ ಎಂಜಲ ಆಕ್ಕೈತ್ರಿ. ಹಂಡೆ ಚೆಲ್ಲಬೇಕಾಕ್ಕೈತಿ."

ಮೇಡಂ ಅವರಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು.

"ನೀರಿಗೆ ಹೇಸಾಕತ್ತೀರೋ, ನನ್ನ ಕೈಗೆ ಹೇಸಾಕತ್ತೀರೋ," ಎಂದಳು ಗುಡ್ಡವ್ವ. ದನಿ ಏರಿಸಲಿಲ್ಲ. "ಎರಡರಾಗ ಒಂದ ಹೇಳ್ರಿ. ಮೇಡಂನೂ ಬರಕೊಳ್ಳಲಿ."

ಸಾವಕಾರರು ಹನುಮಪ್ಪನ ಕಡೆ ತಿರುಗಿ, ಇವಳನ್ನು ಹೊರಗೆ ಹಾಕು ಎಂದರು. ಹನುಮಪ್ಪ ಕೋಲೆತ್ತಿ ಎರಡು ಹೆಜ್ಜೆ ಬಂದ. ಅಷ್ಟರಲ್ಲಿ ಅಮೀನಾಬಿ ನಡುವೆ ಬಂದು ನಿಂತು, ಗೇಟಿನಲ್ಲಿ ದಿನಾ ಚಾಚುವಂತೆಯೇ ಕೈ ಚಾಚಿದಳು, ಆದರೆ ಹನುಮಪ್ಪನಿಗಲ್ಲ.

"ಉಗುರ ನೋಡ್ರಿ ಮೇಡಂ. ದಿನಾ ಝಡತಿ ಮಾಡ್ತಾರ, ಇದನ್ನ ಯಾರೂ ನೋಡಿಲ್ಲ. ಸಾವಕಾರ್ರು ಹಿಂದಿನ ಕೋಣಿಗೆ ಬೀಗ ಹಾಕಿದಾಗಿಂದ ಉಗುರಿಗೆ ಕರಿ ಹತ್ತಿಲ್ರಿ."

ತುದಿ ಕರಿ, ಬುಡ ಬಿಳಿ. ಎರಡು ತಿಂಗಳ ಗೆರೆ ಅಲ್ಲಿ ನೇರವಾಗಿ ನಿಂತಿತ್ತು. ನಾವು ನಮ್ಮ ನಮ್ಮ ಕೈ ನೋಡಿಕೊಂಡೆವು. ಆಮೇಲೆ ಒಬ್ಬೊಬ್ಬರಾಗಿ ಚಾಚಿದೆವು. ಇಪ್ಪತ್ತೆರಡು ಕೈ. ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಹಿಂದಿನ ಕೋಣೆಯ ಬೀಗದ ಕೈ ಎಲ್ಲಿ ಎಂದು ಕೇಳಿದರು.

ಸಾವಕಾರರು ಜೇಬು ಮುಟ್ಟಿಕೊಂಡರು.

ಗುಡ್ಡವ್ವ ಇನ್ನೂ ಲೋಟ ಇಳಿಸಿರಲಿಲ್ಲ.