ಹಗ್ಗಕ್ಕೆ ಹಚ್ಚಿದ ಭಂಡಾರ

“ಮುಟ್ಟಾದಾಕಿ ಬುತ್ತಿ ಗಂಟ ಹೊತ್ತು ಖಣಿಯೊಳಗ ಯಾಕ ಇಳಿದಿಲೇ, ಬೋಸುಡಿ? ಗಂಡನ ಕಾಲ ತಿಂದಿ, ಇನ್ನ ಊರ ತಿನ್ನಾಕಿ ಏನ?”

ಪೂಜಾರಿ ಸಿದ್ದಣ್ಣ ಅಂಗಳದ ನಡುವೆ ನಿಂತು ಹೀಗೆ ಒದರಿದಾಗ ಮಹಾದೇವಿ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಗಂಜಿ ಆರಿದರೆ ಉಣ್ಣೆ ಹಿಡಿಯುವುದಿಲ್ಲ. ಅವಳ ಗಂಡ ಬೀರಲಿಂಗ ಕಟ್ಟೆಯ ಮೇಲೆ ಕೂತಿದ್ದ. ಮೊಣಕಾಲಿನ ಕೆಳಗೆ ಅವನಿಗೆ ಏನೂ ಇರಲಿಲ್ಲ. ಲುಂಗಿಯ ಎರಡು ತುದಿ ಗಂಟು ಹಾಕಿಕೊಂಡು ತಕಲಿ ತಿರುಗಿಸುತ್ತಿದ್ದವನು ತಕಲಿ ಹಿಡಿದು ನಿಲ್ಲಿಸಿದ.

ಓಣಿಯಲ್ಲಿ ಸಾವುಕಾರನ ಕಾರು ನಿಂತಿತ್ತು. ಆತ ಇಳಿದಿರಲಿಲ್ಲ. ಗಾಜು ಅರ್ಧ ಇಳಿಸಿದಾಗ ಒಳಗಿನ ತಂಪು ಗಾಳಿ ಅಂಗಳದವರೆಗೂ ಬಂತು.

“ಸಿದ್ದಣ್ಣಾ, ಬೈಬ್ಯಾಡೋ. ಪಾಪ, ಹೆಣ್ಣಮಗಳು. ತಿಳೀದ ಆಗಿದ್ದು,” ಎಂದ ಸಾವುಕಾರ. “ಅಮಾಸಿ ದಿನ ಖಣಿ ದಂಡಿಗೆ ಬರ್ಲಿ. ಒದ್ದಿ ಸೀರಿಲೆ ನಿಂತು, ಸೆರಗೊಡ್ಡಿ, ಮಂದಿ ಎದರ ತಪ್ಪಾತು ಅನ್ಲಿ. ಅಷ್ಟ ಸಾಕು. ಮರುದಿನಾನ ಬೀರಲಿಂಗ ನಮ್ಮಲ್ಲೆ ವಾಚಮನ್. ಈಕಿಗೆ ಪಾಲಿಶ್ ಫ್ಯಾಕ್ಟರ್‍ಯಾಗ ಕೆಲಸ.”

“ಕಾಲಿಲ್ಲದಾಂವ ಕಳ್ಳರ್ನ ಹೆಂಗ ಹಿಡೀಬೇಕ್ರಿ ಸಾವುಕಾರ್ರ?” ಎಂದು ಬೀರಲಿಂಗ ಕೇಳಿದ.

ಕಾರಿನೊಳಗಿಂದ ನಗು ಬಂತು. “ಬಾಯಿ ಐತಲ್ಲೋ. ಒದರು.”

ಗಾಜು ಏರಿತು. ಪೂಜಾರಿ ಹೋಗುವಾಗ ಕಂಬಳಿಯ ಅಂಚನ್ನು ತುಳಿಯದೆ ದಾಟಿದ. ಅದು ದೇವರ ಕಂಬಳಿ ಎಂಬುದು ಅವನಿಗೂ ಗೊತ್ತಿತ್ತು.

ಮಹಾದೇವಿ ಒಳಗೆ ನೋಡಿದಳು. ಅತ್ತೆ ರಾಮವ್ವ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ಒಲೆಯಲ್ಲಿ ಬೆಂಕಿ ಇರಲಿಲ್ಲ. ಮಗನ ಕಾಲು ಹೋದ ಆ ದಿನ ಸೊಸೆ ಹೊರಗಾಗಿದ್ದ ಸಂಗತಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ತನಗೆ ಚಳಿಜ್ವರ ಬಂದು ಏಳಲಾಗದೆ, “ನೀನ ಹೋಗು, ದಂಡ್ಯಾಗ ನಿಂತು ಕೊಟ್ಟ ಬಾ” ಎಂದು ಬುತ್ತಿ ಕಟ್ಟಿ ಕಳಿಸಿದವಳೂ ಅವಳೇ.

“ನೀನ ಹೇಳಿದೇನ ಅತ್ತಿ?”

ರಾಮವ್ವ ಆರಿದ ಬೂದಿ ಕೆದರುತ್ತ, “ಮಗನ ಕಾಲ ಹೋಗ್ಯಾವು. ಯಾರಿಗರೆ ಹೇಳಬೇಕಲ್ಲ,” ಎಂದಳು.

ಮಹಾದೇವಿ ಮತ್ತೆ ಗಂಜಿಗೆ ಕೈ ಹಾಕಿದಳು. ತನ್ನ ಮೈಲಿಗೆಯಿಂದಲೇ ಹಾಗಾಯಿತು ಎಂದು ಅವಳೂ ನಂಬಿದ್ದಳು. ಆ ದಿನ ದಂಡೆಯಲ್ಲಿ ನಿಂತು ಕೂಗಿದರೆ ಯಾರಿಗೂ ಕೇಳಿಸಲಿಲ್ಲ, ಯಂತ್ರದ ಸದ್ದು ಅಷ್ಟಿತ್ತು. ನಾಲ್ಕು ಹೆಜ್ಜೆ ಕೆಳಗಿಳಿದಳು. ಗಂಡ ಬಂದು ಬುತ್ತಿ ತೆಗೆದುಕೊಂಡು, “ಇವತ್ತ ಶೇಂಗಾ ಚಟ್ನಿ ಹಾಕಿಯಿಲ್ಲೊ?” ಎಂದ. ಹಾಕಿದ್ದಳು. ದಂಡೆ ಹತ್ತಿ ಬೆನ್ನು ತಿರುಗಿಸುವಷ್ಟರಲ್ಲಿ ಹಿಂದೆ ಆಕಾಶವೇ ಹರಿದಂತೆ ಸದ್ದಾಯಿತು; ಮೇಲೆತ್ತುತ್ತಿದ್ದ ಕಲ್ಲು ಕೆಳಗೆ ಬಿದ್ದಿತ್ತು. ಕೆಂಪು ಕಲ್ಲಿನ ಖಣಿಯದು. ಕಲ್ಲಿಗೂ ರಕ್ತಕ್ಕೂ ಒಂದೇ ಬಣ್ಣವಾಗಿ, ಗಂಡ ಎಲ್ಲಿ ಮುಗಿದು ಕಲ್ಲು ಎಲ್ಲಿ ಸುರುವಾಗಿದೆ ಎಂಬುದು ಮೊದಲಿಗೆ ತಿಳಿಯಲೇ ಇಲ್ಲ.

ಅವಳು ಮದುವೆಯಾಗಿ ಬಂದಾಗಿನಿಂದ ರಾಮವ್ವ ಹೇಳುವ ಕತೆಗಳನ್ನು ಕೇಳುತ್ತಲೇ ಬೆಳೆದಿದ್ದಳು, ಬಂದಾಗ ಅಷ್ಟು ಸಣ್ಣವಳು. ಹೆತ್ತವರು ಅಡವಿಗೆ ಎಸೆದ ಕೂಸು ಬೀರಪ್ಪ, ಅಕ್ಕ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಸಾಕಿದ ದೇವರು. ಆ ಕತೆಗಳಲ್ಲಿ ಭಕ್ತರ ಕೈ ಕಡಿದರೆ ಭಂಡಾರದ ಅರಿಸಿನ ಎರಚಿದ ಕೂಡಲೇ ಕೈ ಚಿಗುರುತ್ತಿತ್ತು. ಸತ್ತ ಕುರಿ ಎದ್ದು ಮೈ ಜಾಡಿಸಿ ಮೇಯಲು ಹೋಗುತ್ತಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಮಹಾದೇವಿ ಆ ಅರಿಸಿನದ ಪೊಟ್ಟಣವನ್ನು ಗಂಡನ ದಿಂಬಿನ ಕೆಳಗಿಟ್ಟು, ಬಿಳಿ ಬಟ್ಟೆ ಸುತ್ತಿದ ಆ ಎರಡು ಮೋಟು ತುದಿಗಳನ್ನು ನೋಡುತ್ತ ಕೂತಿದ್ದಳು. ನರ್ಸು ಬಂದು ಪೊಟ್ಟಣ ತೆಗೆದು ಕಸದ ಡಬ್ಬಿಗೆ ಹಾಕಿ, “ಗಲೀಜು ಮಾಡಬ್ಯಾಡವಾ” ಎಂದಳು. ಏನೂ ಚಿಗುರಲಿಲ್ಲ.

ಬೀರಲಿಂಗ ಕಣ್ಣು ಬಿಟ್ಟಾಗ ಮೊದಲು ನೋಡಿಕೊಂಡದ್ದು ಕೈಗಳನ್ನು. “ಬೀರಪ್ಪ ಕೈ ಉಳಿಸ್ಯಾನ. ಕೈಲೆ ನೂತು ಅವಂಗೊಂದು ಕಂಬಳಿ ಹಾಸ್ತೇನಿ,” ಎಂದ. ಊರಿಗೆ ಬಂದ ಮೇಲೆ ರಾಮವ್ವ ಅಟ್ಟದಿಂದ ತನ್ನ ಮಾವನ ಕಾಲದ ಮಗ್ಗದ ಕೋಲುಗಳನ್ನು ಇಳಿಸಿದಳು. ನೆಲದ ಮಗ್ಗ ಅದು, ಕೂತೇ ನೇಯಬೇಕು. ತಾಯಿ ಉಣ್ಣೆ ಹಿಂಜಿದಳು, ಮಗ ನೂತ, ಸೊಸೆ ಹಾಸು ಬಿಗಿದಳು. ಮೊದಮೊದಲು ಎಳೆ ಹರಿಯುತ್ತಿತ್ತು. ಬೀರಲಿಂಗ ತಕಲಿ ಬೀಸಿ ಒಗೆದು, “ಕಲ್ಲ ಒಡಿಯೋ ಕೈಗೆ ಇದೇನ ಕೂದಲಾ ಹಿಡಿಸ್ತೀರಿ” ಎಂದು ಅತ್ತ. ಮಹಾದೇವಿ ಅಂಗಳದ ಮೂಲೆಯಿಂದ ತಕಲಿ ಹೆಕ್ಕಿ ತಂದು ಮತ್ತೆ ಕೈಗೆ ಕೊಟ್ಟಳು. ಮತ್ತೆ ಒಗೆದ. ಮತ್ತೆ ತಂದಳು. ಹೀಗೆ ಆ ಮನೆ ಮತ್ತೆ ಉಸಿರಾಡಲು ಕಲಿಯಿತು. ಈಗ ಕಂಬಳಿ ಮುಗಿದಿತ್ತು, ಗಂಜಿ ಒಣಗುವುದಷ್ಟೇ ಬಾಕಿ.

ಮಧ್ಯಾಹ್ನ ಅವಳ ಅಣ್ಣ ಕನಕಪ್ಪ ಬಂದ. ಆ ಖಣಿಯ ಮೇಸ್ತ್ರಿ. ಬೀರಲಿಂಗನನ್ನು ಕೆಲಸಕ್ಕೆ ಹಚ್ಚಿದವನೂ ಅವನೇ, ಆ ದಿನ ಹೆಗಲ ಮೇಲೆ ಹೊತ್ತು ತಂದವನೂ ಅವನೇ. ಕಟ್ಟೆಯ ಮೇಲೆ ಕೂಡದೆ ಕಂಬಕ್ಕೆ ಒರಗಿ ನಿಂತ.

“ಒಂದ ಮಾತ ಮಾದೇವಿ. ತಪ್ಪಾತು ಅಂದ್ರ ನಾಲಿಗಿ ಸವೆಯೂದಿಲ್ಲ. ಯಾಂವಾ ಆ ಹೊಂಡದಾಗ ಇಳೀವಲ್ಲ. ದ್ಯಾವರು ಮುನಿದಾನ ಅಂತಾರ. ಬಿದ್ದ ಕಲ್ಲ ಬಿದ್ದಲ್ಲೇ ಐತಿ. ಅದನ್ನೆತ್ತಿದ ಮ್ಯಾಲಲ್ಲ ಮುಂದಿನ ಕೆಲಸ? ದೋಷ ಕಳದ್ರ ಮಂದಿ ಇಳಿತಾರ. ಅವರ ಹೊಟ್ಟೀನೂ ನೋಡಬೇಕವಾ.”

“ಹಗ್ಗ ಬದ್ಲ್ಯಾರೇನ ಮಾಂವ?” ಎಂದ ಬೀರಲಿಂಗ.

ಕನಕಪ್ಪ ಕಂಬ ಬಿಟ್ಟು ನೆಟ್ಟಗೆ ನಿಂತ.

“ಯಾವ ಹಗ್ಗ?” ಎಂದಳು ಮಹಾದೇವಿ.

“ಕ್ರೇನಿಂದು. ಅವತ್ತ ಮುಂಜಾನಿ ನಾನ ತೋರ್ಸಿದ್ದೆ. ತಂತಿ ಎಳಿ ಹರದು ಮುಳ್ಳಹಂದಿ ಹಂಗ ನಿಂತಿದ್ವು. ನಿಮ್ಮಣ್ಣ ಏನ ಮಾಡಿದಾ ಕೇಳು.” ಬೀರಲಿಂಗನ ದನಿ ಏರಲಿಲ್ಲ. “ದಿನಾ ಮೊದಲ ಕಲ್ಲಿಗೆ ಹಚ್ಚತೇವಲ್ಲ ಭಂಡಾರ, ಅದನ್ನ ಹರದಲ್ಲಿ ಒಂದ ಹಿಡಿ ಜಾಸ್ತಿ ತಿಕ್ಕಿದಾ. ಮ್ಯಾಲೊಂದು ಗೋಣಿ ಸುತ್ತಿದಾ. ‘ಬೀರಪ್ಪ ಅದಾನ, ಎತ್ರಿ’ ಅಂದಾ. ನಾನೂ ಕೈ ಮುಗದೆ. ಮುಗದು ಕೆಳಗ ಹೋಗಿ ನಿಂತೆ.”

“ಇಷ್ಟ ದಿನ ಯಾಕ ಹೇಳಲಿಲ್ಲ ನೀ?”

“ನಿಮ್ಮಣ್ಣ ಅದಾನಲ್ಲ ಅವಾ.”

ಕನಕಪ್ಪ ತಂಗಿಯ ಕಡೆ ತಿರುಗಿದ. “ಸಾವುಕಾರ್ಗ ಹೇಳಿದ್ದೆನವಾ. ‘ಇವತ್ತೊಂದಿನ ತಳ್ಳು’ ಅಂದ್ರು. ತಳ್ಳಿದೆ. ಈಗೂ ಅದ ಹಗ್ಗ. ಹರದದ್ದ ಕತ್ತರಿಸಿ ಕ್ಲಾಂಪ್ ಹಾಕೇವಿ.”

“ಮ್ಯಾಲೆ ಗೋಣಿ?”

ಅವನು ತಲೆ ತಗ್ಗಿಸಿದ. ಮಹಾದೇವಿ ಎದ್ದು ಅಂಗಳಕ್ಕೆ ಹೋಗಿ ಕಂಬಳಿಯ ಒಂದು ಮೂಲೆಯನ್ನು ಬೆರಳಿನಿಂದ ಉಜ್ಜಿ ನೋಡಿದಳು. ಗಂಜಿ ಒಣಗಿತ್ತು. ಇಷ್ಟು ತಿಂಗಳು ಅವಳು ಗಂಡನ ತಾಟು ತೊಳೆಯುವಾಗ, ಲುಂಗಿಯ ತುದಿ ಗಂಟು ಹಾಕುವಾಗ, ಅವನನ್ನು ಎತ್ತಿ ಬಚ್ಚಲಿಗೆ ಕೂರಿಸುವಾಗ, ಪ್ರತಿ ಸಲವೂ ಮನಸ್ಸಿನಲ್ಲೇ ತಪ್ಪಾಯಿತು ಎಂದಿದ್ದಳು. ಇನ್ನು ಮಂದಿಯ ಎದುರು ಒಂದು ಸಲ ಅನ್ನುವುದು ಯಾವ ಲೆಕ್ಕ? ಅಂದರೆ ಮನೆಗೆ ಎರಡು ಕೆಲಸ ಬರುತ್ತಿದ್ದವು. ಅಂದರೆ ಪಕ್ಕದ ಮನೆಯ ಇಂದ್ರವ್ವನ ಗಂಡ, ಅವಳ ಇಬ್ಬರು ಮೈದುನರು, ಓಣಿಯ ಅರ್ಧ ಗಂಡಸರು ಆ ಗೋಣಿಯ ಕೆಳಗೆ ಹೋಗಿ ನಿಲ್ಲುತ್ತಿದ್ದರು.

“ಬರ್ತೇನಿ ಅಂತ ಹೇಳು,” ಎಂದಳು ಅಣ್ಣನಿಗೆ.

ಅಮಾಸೆಯ ದಿನ ಖಣಿಯ ದಂಡೆಯಲ್ಲಿ ಡೊಳ್ಳು ಬಡಿಯುತ್ತಿತ್ತು. ಗಂಡಸರು ಹೆಂಗಸರು ಹೊಂಡದ ಸುತ್ತ ನೆರೆದಿದ್ದರು, ಆದರೆ ಒಬ್ಬರ ಕಾಲೂ ಅಂಚಿನ ಆಚೆ ಇರಲಿಲ್ಲ. ಕೆಳಗೆ ಕೆಂಪು ಕಲ್ಲು ಬಿದ್ದಲ್ಲೇ ಬಿದ್ದಿತ್ತು, ಮಳೆ ತೊಳೆದು ಮತ್ತಷ್ಟು ಚಂದವಾಗಿತ್ತು. ಮೇಲೆ ಕ್ರೇನಿನ ಕೊಕ್ಕೆ, ಕೊಕ್ಕೆಯ ಮೇಲೆ ಗೋಣಿ ಸುತ್ತಿದ ಹಗ್ಗ. ಸಾವುಕಾರ ಕಾರಿನಿಂದ ಇಳಿದು ಬಿಳಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಕೊಡೆಯ ಕೆಳಗೆ ನಿಂತಿದ್ದ. ಬೀರಲಿಂಗನನ್ನು ಎಲ್ಲರಿಗೂ ಕಾಣುವ ಹಾಗೆ ಕಲ್ಲಿನ ಗುಂಡಿನ ಮೇಲೆ ಕೂರಿಸಿದ್ದರು.

ಮಹಾದೇವಿಯ ಮೇಲೆ ಇಂದ್ರವ್ವ ಕೊಡ ನೀರು ಸುರಿದಳು. ಸುರಿಯುವಾಗ ಮೆಲ್ಲಗೆ, “ಲಗೂ ಅಂದ ಮುಗಿಸವಾ, ಒಲಿ ಹತ್ತಿಸಿ ಭಾಳ ದಿನಾತು,” ಎಂದಳು.

“ಕಂಬಳಿ ಇಲ್ಲೆ ಹಾಸು,” ಎಂದ ಪೂಜಾರಿ. “ಗದ್ದಗಿ ಆಗ್ಲಿ. ಎದರ ನಿಂತು ಸೆರಗೊಡ್ಡು.”

ಕರಿ ಕಂಬಳಿ ಮಡಿಸಿ ಹಾಸಿ ಭಂಡಾರ ಚೆಲ್ಲಿದರೆ ಅದು ದೇವರು ಕೂತ ಜಾಗ. ಅದನ್ನು ದಾಟಬಾರದು, ತುಳಿಯಬಾರದು, ಅದರ ಮೇಲೆ ನೆರಳು ಹಾಯಿಸಬಾರದು. ಆ ಮಂದಿಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಮಹಾದೇವಿ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡಳು. ಭಂಡಾರದ ತಾಟನ್ನು ಪೂಜಾರಿಯ ಕೈಯಿಂದ ತೆಗೆದುಕೊಂಡಳು. ತೆಗೆದುಕೊಂಡು ದಂಡೆಯಲ್ಲಿ ನಿಲ್ಲಲಿಲ್ಲ. ಹೊಂಡಕ್ಕೆ ಇಳಿದಳು.

“ಏ! ಏ ಹುಚ್ಚ ರಂಡಿ! ಎಲ್ಲಿ ಹೊಂಟಿ?” ಪೂಜಾರಿ ಒದರಿದ.

ಡೊಳ್ಳು ನಿಂತಿತು. ಅವಳು ಕೆಂಪು ಕಲ್ಲಿನ ಮಗ್ಗುಲಿಗೆ, ಬೀರಲಿಂಗ ಬಿದ್ದ ಜಾಗಕ್ಕೆ ಹೋದಳು. ತಲೆ ಎತ್ತಿ ಕೊಕ್ಕೆ ನೋಡಿ, ಸರಿಯಾಗಿ ಅದರ ಕೆಳಗೆ ಕಂಬಳಿ ಹಾಸಿದಳು. ಹಿಡಿ ಭಂಡಾರ ಚೆಲ್ಲಿದಳು. ಕರಿಯ ಮೇಲೆ ಹಳದಿ.

“ಅವತ್ತ ನಾ ಮುಟ್ಟಾಗಿದ್ದೆ, ಖರೆ,” ಎಂದಳು ಮೇಲೆ ನೋಡಿ. ಹೊಂಡದ ಗೋಡೆಗಳು ಅವಳ ದನಿಯನ್ನು ದೊಡ್ಡದು ಮಾಡಿದವು. “ಇವತ್ತೂ ಆಗೇನಿ. ಆದ ಮೈಲೇ ಗದ್ದಗಿ ಹಾಸೇನಿ. ಅಂವ ಮುನಿಯಾಂವ ಇದ್ರ ಈಗ ಮುನೀಲಿ.”

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಗಾಳಿಗೆ ಕೊಕ್ಕೆ ಒಂದಿಷ್ಟು ಅಲುಗಿತು. ಅಷ್ಟೇ.

“ಇಲ್ಲಾ ಹಿಂಗ ಮಾಡೂಣು. ನನ್ನ ಮೈಲಿಗಿಂದ ಬಿತ್ತಂತೀರಿ. ನಾ ಗುಡೂರ ಊರ ದಾಟಿ ಆಚಿ ಹೋಗಿ ಕೂಡ್ತೇನಿ. ಸಾವುಕಾರ್ರು ಮಡಿ ಉಟ್ಟ ಬಂದು ಹಗ್ಗದ ಕೆಳಗ ನಿಂದರ್ಲಿ. ಎತ್ರಿ ಕಲ್ಲ.”

ಗುಂಪಿನಲ್ಲಿ ಯಾರೋ ನಕ್ಕು, ನಕ್ಕದ್ದಕ್ಕೆ ಕೆಮ್ಮಿದರು.

ಸಾವುಕಾರ ಕರವಸ್ತ್ರ ತೆಗೆದ. “ಕನಕಪ್ಪಾ, ನಿನ್ನ ತಂಗಿಗೆ ತಲಿ ಕೆಟ್ಟೇತಿ. ಜುಟ್ಟ ಹಿಡದ ಎಳಕೊಂಡ ಬಾ ಸೂಳಿಮಗನ.”

ಕನಕಪ್ಪ ಇಳಿದ. ಅವಳ ಎದುರು ಬಂದ. ಕೈ ಎತ್ತಲಿಲ್ಲ. ಮಹಾದೇವಿ ಭಂಡಾರದ ತಾಟನ್ನು ಅವನ ಮುಂದೆ ಹಿಡಿದಳು.

“ಭಂಡಾರ ಹಿಡಕೊಂಡ ಆಣಿ ಮಾಡಿ ಹೇಳಣ್ಣಾ. ಹಗ್ಗ ಗಟ್ಟಿ ಐತಿ ಅನ್ನು. ಅಂದ್ರ ನಾ ಇಲ್ಲೇ ತಪ್ಪಾತು ಅಂತೇನಿ. ಎಲ್ಲಾರ ಕಾಲ ಹಿಡೀತೇನಿ.”

ಅವನು ತಾಟಿಗೆ ಕೈ ಹಾಕಿದ. ಮುಷ್ಟಿ ತುಂಬ ಹಿಡಿದು ಎತ್ತಿದ. ದಂಡೆಯ ಮೇಲಿನ ಮಂದಿಯೆಲ್ಲ ಆ ಮುಷ್ಟಿಯನ್ನೇ ನೋಡಿದರು. ಬೆರಳ ಸಂದಿಯಿಂದ ಅರಿಸಿನ ಸೋರಿ ಮುಂಗೈಗೆ ಇಳಿದು ಮೊಣಕೈಯವರೆಗೂ ಹರಿಯಿತು. ಮುಷ್ಟಿ ಖಾಲಿಯಾಗುವ ತನಕ ಅವನು ಹಾಗೇ ನಿಂತಿದ್ದ. ಆಮೇಲೆ ಕೆಂಪು ಕಲ್ಲಿಗೆ ಮುಖ ಹಚ್ಚಿ ಕೂತುಬಿಟ್ಟ.

“ಅಯೂಬ!” ಸಾವುಕಾರ ಕ್ರೇನು ನಡೆಸುವವನ ಕಡೆ ತಿರುಗಿದ. “ನೀ ಏನ ಇವರ ದ್ಯಾವರ್ನ ನಂಬಾಂವಲ್ಲ. ಇಳಿಸು ಕೊಕ್ಕಿ. ಎದ್ದ ಓಡ್ತಾಳ ಹಾದರಗಿತ್ತಿ.”

ಅಯೂಬ ಲಿವರಿನ ಮೇಲಿಂದ ಕೈ ತೆಗೆದ. “ಇವರ ದ್ಯಾವರ್ನ ನಂಬೂದಿಲ್ಲ, ಖರೆ ಐತ್ರಿ ಸಾವುಕಾರ್ರ. ಈ ಹಗ್ಗಾನೂ ನಂಬೂದಿಲ್ಲ.” ಯಂತ್ರ ಬಂದ್ ಮಾಡಿ ಕೆಳಗಿಳಿದು ಬೀಡಿ ಹಚ್ಚಿದ.

ಆಗ ಬೀರಲಿಂಗ ಗುಂಡಿನಿಂದ ಜಾರಿದ. ಯಾರನ್ನೂ ಕರೆಯಲಿಲ್ಲ. ಎರಡೂ ಕೈ ಊರಿ, ಕುಂಡಿ ಎಳೆಯುತ್ತ, ಜಲ್ಲಿಯ ಮೇಲೆ ಇಳಿದ. ಮಂದಿ ದಾರಿ ಬಿಟ್ಟರು. ಕಂಬಳಿಯ ಹತ್ತಿರ ಬಂದು ಅದರ ಅಂಚಿಗೆ ಹಣೆ ಹಚ್ಚಿ, ಪಕ್ಕದಲ್ಲಿ ಕೂತು ಸೊಂಟದಿಂದ ತಕಲಿ ತೆಗೆದ. ಸ್ವಲ್ಪ ಹೊತ್ತಿನ ಮೇಲೆ ರಾಮವ್ವನೂ ಇಳಿದು ಬಂದಳು. ಸೊಸೆಯ ಮುಖ ನೋಡದೆ ಒದ್ದೆ ಸೀರೆಯ ಸೆರಗನ್ನು ಹಿಂಡಿ ಅವಳ ಹೆಗಲಿಗೆ ಹೊದಿಸಿದಳು. “ನಾಳಿ ಬುತ್ತಿ ಇಲ್ಲಿಗೆ ನಾ ತರ್ತೇನಿ,” ಎಂದಳು.

ಮೇಲೆ ಸಾವುಕಾರ ಫೋನಿನಲ್ಲಿ ಮಾತಾಡುತ್ತಿದ್ದ. “ಹೊರಗಿನ ಮಂದಿ ತರಸು. ಕನ್ನಡ ಬರದಾರ್ನ ತರಸು. ನಾಳಿ ಮುಂಜಾನಿ.” ಪೂಜಾರಿ ಅವನ ತಲೆಯ ಮೇಲೆ ಕೊಡೆ ಹಿಡಿದಿದ್ದ. ಮಂದಿ ಮನೆಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ.

ತಕಲಿ ತಿರುಗಿತು. ಗಾಳಿಗೆ ಗೋಣಿಯ ಒಂದು ಕೊನೆ ಬಿಚ್ಚಿ ಜೋತಾಡಿತು. ಅದರೊಳಗಿಂದ ಹಳೆಯ ಭಂಡಾರ ಒಂದಿಷ್ಟು ಉದುರಿ, ಬೀರಲಿಂಗ ನೂಲುತ್ತಿದ್ದ ಕರಿ ಎಳೆಯ ಮೇಲೆ ಕೂತಿತು. ಅವನು ಅದನ್ನು ಒರೆಸಲಿಲ್ಲ. ಹಾಗೇ ಸೇರಿಸಿ ನೂತ.