ಗಾಳಿಕಿಂಡಿಗೆ ತುರುಕಿದ ಸೀರೆ

ಬಾಣಂತಿಗೆ ಗಾಳಿ ಸೋಕಬಾರದು ಎಂಬ ವಿಷಯದಲ್ಲಿ ಚಿಕ್ಕಲಕ್ಷ್ಮಮ್ಮನ ಜೊತೆ ವಾದ ಮಾಡಿ ಗೆದ್ದವರು ಮಳವಳ್ಳಿ ತಾಲ್ಲೂಕಿನಲ್ಲೇ ಇರಲಿಲ್ಲ. ವಾದಕ್ಕೆ ಬಂದವರೇ ಗಾಳಿಗೆ ತೂರಿಹೋಗುತ್ತಿದ್ದರು. ಅಂಥವಳು, ಮಂಡ್ಯದ ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗಳು ಮಾಯಮ್ಮನನ್ನೂ ಹಸುಗೂಸನ್ನೂ ಊರಿಗೆ ಕರೆತರಲು ಹೊನ್ನಯ್ಯನ ಬಾಡಿಗೆ ಕಾರು ಹತ್ತಿದಳು.

ಯುದ್ಧದ ಕಾಲ. ಪೆಟ್ರೋಲು ಮಿಲಿಟರಿಯ ಪಾಲಾಗಿ, ಕಾರುಗಳು ಇದ್ದಿಲು ತಿನ್ನುವುದು ಕಲಿತಿದ್ದವು. ಹಿಂಭಾಗದಲ್ಲಿ ನೀರೊಲೆಯಂಥ ಡ್ರಮ್ಮು. ಅದರೊಳಗೆ ಇದ್ದಿಲು ಬೆಂದು ಹುಟ್ಟುವ ಗ್ಯಾಸಿನಿಂದ ಇಂಜಿನ್ನು ಓಡಬೇಕು. ಇದ್ದಿಲ ಕಾರು ಎಂದರೆ ಇದ್ದೂ ಇಲ್ಲದ ಕಾರು. ಏರು ಬಂದರೆ ಇಳಿದು ತಳ್ಳಬೇಕು, ಇಳಿಜಾರು ಬಂದರೆ ಕೂತು ದೇವರನ್ನು ನೆನೆಯಬೇಕು. ಹೊನ್ನಯ್ಯನ ಕಾರಿನಲ್ಲಿದ್ದ ಒಂದೇ ಸುಖವೆಂದರೆ ಮುಂದಿನ ಗಾಜಿನ ಬುಡದಲ್ಲಿದ್ದ ಗಾಳಿಕಿಂಡಿ. ಒಳಗಿನ ಹಿಡಿ ತಳ್ಳಿದರೆ ಅದು ಬಾಯ್ತೆರೆದು, ಓಡುವ ಕಾರಿನೊಳಕ್ಕೆ ತಂಪು ಗಾಳಿ ಊದುತ್ತಿತ್ತು.

ಅಂದು ಮಗಳು, ಕೂಸನ್ನು ಹತ್ತಿಸಿಕೊಂಡು ಮಂಡ್ಯದಿಂದ ತಿರುಗಿ ಹೊರಟು ಗೆಜ್ಜಲಗೆರೆ ಬಂದರೂ ಆ ಗಾಳಿ ಸುಳಿಯಲಿಲ್ಲ. ಹೊನ್ನಯ್ಯ ಹಿಡಿಯನ್ನು ಎಳೆದ, ತಳ್ಳಿದ, ಕೊನೆಗೆ ಕಾಲಲ್ಲಿ ಒದ್ದ.

“ಬೆಳಿಗ್ಗೆವರ್ಗೂ ನೆಟ್ಗಿತ್ತು. ಇದ್ಕೇನ್ ರೋಗ ಬಂತೋ.”

“ರೋಗ ಬರ್ದೆ ಇರ್ಲಿ ಅಂತ್ಲೇ ಅದ್ರ ಬಾಯ್ಗೆ ಅಳೇ ಸೀರೆ ತುರ್ಕಿವ್ನಿ ಕಣ್ಲಾ,” ಎಂದಳು ಚಿಕ್ಕಲಕ್ಷ್ಮಮ್ಮ ಹಿಂದಿನ ಸೀಟಿನಿಂದ. “ಬಾಣ್ತಿಗೆ ಸೀತ ಆದ್ರೆ ನೀನ್ ಬಂದು ಕಸಾಯ ಕಾಯ್ಸೀಯಾ?”

“ಕಿಟ್ಕೀನಾದ್ರೂ ಒಂಚೂರು ಇಳ್ಸವ್ವ. ಇದ್ಲು ಗ್ಯಾಸು. ತಲೆ ಕೆಡ್ತದೆ.”

“ಕೆಡಕ್ಕೆ ಅಲ್ಲೇನೈತೆ ನಿಂಗೆ. ರೋಡ್ ನೋಡ್ಕಂಡ್ ಓಡ್ಸು.”

ಮಾಯಮ್ಮ ನಗಲು ನೋಡಿದಳು. ತಲೆಗೆ, ಕಿವಿಗೆ ಬಟ್ಟೆ ಸುತ್ತಿ ಮೇಲೆ ಕಂಬಳಿ ಹೊದಿಸಿದ್ದರಿಂದ ಮೂಗೊಂದೇ ಹೊರಗಿತ್ತು. “ತಲೆ ಸಿಡೀತದೆ ಕಣವ್ವ,” ಎಂದಳು. ತಾಯಿ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದಳು.

ಮದ್ದೂರಿನಲ್ಲಿ ಕಾರು ನಿಂತಿತು. ಹೊನ್ನಯ್ಯ ಇದ್ದಿಲು ತರಲು ಹೋದ. ಮಳವಳ್ಳಿಯ ಹೆರಿಗೆ ನರ್ಸು ಯಶೋದಮ್ಮ ಅಲ್ಲಿ ಹತ್ತಿಕೊಳ್ಳುವುದೆಂದು ಮೊದಲೇ ಮಾತಾಗಿತ್ತು. ಆಕೆಯನ್ನು ಕರೆತರಲು ಚಿಕ್ಕಲಕ್ಷ್ಮಮ್ಮ ಇಳಿದಳು. ಮಲಗಿದ ಮಗಳನ್ನೊಮ್ಮೆ ನೋಡಿ, ಬಾಗಿಲನ್ನು ಭದ್ರವಾಗಿ ಮುಚ್ಚಿದಳು. ಡ್ರಮ್ಮಿನೊಳಗೆ ಕೆಂಡ ಇನ್ನೂ ಬೇಯುತ್ತಿತ್ತು. ಇಂಜಿನ್ನು ನಿಂತಿದ್ದರಿಂದ ಗ್ಯಾಸನ್ನು ಎಳೆದುಕೊಳ್ಳುವವರಿಲ್ಲ. ಅದು ಸೀಟಿನಡಿಯ ಬಿರುಕು ಹುಡುಕಿಕೊಂಡಿತು.

ತಿರುಗಿ ಬಂದಾಗ ಯಶೋದಮ್ಮ ದೂರದಿಂದಲೇ ಕೇಳಿದಳು: “ಇದೇನಕ್ಕ, ಈ ಸೆಕೇಲಿ ಗಾಜೆಲ್ಲ ಮುಚ್ಚಿದ್ದೀರಿ?”

ಬಾಗಿಲು ತೆಗೆದರೆ ಮಾಯಮ್ಮನ ತಲೆ ವಾಲಿ ಹೊರಗೆ ಬಂತು. ಕೂಸಿನ ಮುಷ್ಟಿ ಬಿಚ್ಚಿಕೊಂಡಿತ್ತು.

ಯಶೋದಮ್ಮ ಕೂಸನ್ನು ಎತ್ತಿಕೊಂಡು, ಹೊನ್ನಯ್ಯನನ್ನು ಕೂಗಿ ಮಾಯಮ್ಮನನ್ನು ಹೊಂಗೆ ಮರದಡಿ ಮಲಗಿಸಿದಳು. ತಲೆಬಟ್ಟೆ ಕಿತ್ತೆಸೆದಳು.

“ಗಾಳೀಗ್ ಯಾಕ್ ತಂದ್ಯವ್ವ,” ಎಂದು ಚಿಕ್ಕಲಕ್ಷ್ಮಮ್ಮ ಮಗಳ ಮುಖಕ್ಕೆ ಸೆರಗು ಹಿಡಿದಳು. ಯಶೋದಮ್ಮ ಆ ಕೈಯನ್ನು ಪಕ್ಕಕ್ಕೆ ತಳ್ಳಿದಳು.

ಕೂಸು ಮೊದಲು ಅತ್ತಿತು, ಬೆಕ್ಕಿನ ಮರಿಯ ಹಾಗೆ. ಎಷ್ಟೋ ಹೊತ್ತಿನ ಮೇಲೆ ಮಾಯಮ್ಮ ವಾಂತಿ ಮಾಡಿ ಕಣ್ಣು ಬಿಟ್ಟಳು. ಆ ಕಣ್ಣು ತಾಯಿಯನ್ನು ಗುರುತಿಸಲಿಲ್ಲ.

“ಇವ್ಳೂ ಕೈಬಿಟ್ಟೋದ್ಲು ಕಣಮ್ಮ,” ಎಂದಳು ಚಿಕ್ಕಲಕ್ಷ್ಮಮ್ಮ. “ದೊಡ್ ಮಗ್ಳು ಮಲ್ಲಿಗಮ್ಮನ್ನೂ ಬಾಣ್ತನದಾಗೆ ಗಾಳೀನೇ ತಿಂದಾಕ್ತು.”

“ಅವಳನ್ನ ಎಲ್ಲಿ ಮಲಗಿಸಿದ್ರಿ?”

“ಒಳ್ಗಿನ್ ಕೋಣೇಲಿ. ಕಿಟ್ಕಿ ಸಂದ್ಗೂ ಸಗಣಿ ಮೆತ್ತಿದ್ದೆ. ಮಂಚದ ಕೆಳೀಕೆ ಅಗ್ಗಿಷ್ಟಿಕೆ ತುಂಬ ಕೆಂಡ ಮಡಗಿದ್ದೆ. ಎಲ್ಲಿಂದ ನುಗ್ತೋ ಗಾಳಿ. ಬೆಳಿಗ್ಗೆ ನೋಡುದ್ರೆ ಮಕ ಕೆಂಪಗೆ, ನಿದ್ದೆ ಮಾಡ್ದಂಗೆ…”

ಯಶೋದಮ್ಮನ ಕಣ್ಣು ಕಾರಿನ ಡ್ರಮ್ಮಿನ ಕಡೆ ಹೋಯಿತು. ಚಿಕ್ಕಲಕ್ಷ್ಮಮ್ಮನ ಕಣ್ಣೂ ಹಿಂದೆಯೇ ಹೋಯಿತು.

“ಅದೂ ಕೆಂಡ, ಇದೂ ಕೆಂಡ,” ಎಂದಳು ನಿಧಾನವಾಗಿ. “ಗಾಳಿ ಬಂದಿದ್ದಕ್ಕಲ್ವಾ ಅವ್ಳು ತೀರ್ಕಂಡಿದ್ದು?”

“ಬರದೇ ಇದ್ದದ್ದಕ್ಕೆ ಅಕ್ಕ. ಕೆಂಡದಿಂದ ಒಂದು ವಿಷ ಏಳುತ್ತೆ. ಕಣ್ಣಿಗೆ ಕಾಣಲ್ಲ, ಮೂಗಿಗೆ ಗೊತ್ತಾಗಲ್ಲ. ಹೊರಗೆ ಹೋಗೋಕೆ ದಾರಿ ಇಲ್ಲದಿದ್ರೆ ಮಲಗಿದೋರನ್ನ ಮಲಗಿದಂಗೇ ತಗೊಂಡು ಹೋಗುತ್ತೆ. ನಿಮಗೆ ಗೊತ್ತಿರಲಿಲ್ಲ.”

“ಬಾಗ್ಲು ಹಾಕಿದ್ದು ನಾನೇ ಕಣಮ್ಮ.”

ಅದಕ್ಕೆ ಯಶೋದಮ್ಮನ ಪೆಟ್ಟಿಗೆಯಲ್ಲಿ ಔಷಧಿ ಇರಲಿಲ್ಲ.

ಹೊನ್ನಯ್ಯ ಕಿಂಡಿಯಿಂದ ಸೀರೆ ಎಳೆದ. ಕಿಂಡಿಯ ಜಾಲರಿಗೆ ಕಟ್ಟಿದ್ದ ಇದ್ದಿಲ ಪುಡಿಯನ್ನು ಉಜ್ಜಿ ತೆಗೆದ, ಕೊಳವೆಯ ಸಡಿಲ ಕೀಲು ಬಿಗಿದ, ಸೀಟಿನಡಿಯ ಬಿರುಕಿಗೆ ತಗಡು ಹೊಡೆದ. “ಊರಿಗೆ ಬೇಡ, ತಿರುಗಿ ಆಸ್ಪತ್ರೆಗೆ ನಡಿ,” ಎಂದಳು ಯಶೋದಮ್ಮ. ಕಾರು ಹೊರಟಾಗ ಕಿಂಡಿಯಿಂದ ತಂಪು ಗಾಳಿ ಬಂತು. ಕಿಟಕಿಯ ಗಾಜುಗಳನ್ನೆಲ್ಲ ಚಿಕ್ಕಲಕ್ಷ್ಮಮ್ಮನೇ ಇಳಿಸಿದಳು.

ಕೂಸು ಉಳಿಯಿತು, ಮಾಯಮ್ಮನೂ ಉಳಿದಳು. ಆದರೆ ಆಡಲು ಹೋದ ಮಾತು ಅರ್ಧಕ್ಕೇ ಮರೆತುಹೋಗುತ್ತದೆ. ಒಲೆಯ ಮೇಲೆ ಹಾಲಿಟ್ಟು ಯಾಕಿಟ್ಟೆನೆಂದು ಕೇಳುತ್ತಾಳೆ. ಆ ಮನೆಯಲ್ಲಿ ಈಗ ಬಾಣಂತಿ ಕೋಣೆಯ ಕಿಟಕಿ ತೆರೆದೇ ಇರುತ್ತದೆ. ಅಗ್ಗಿಷ್ಟಿಕೆ ಹಟ್ಟಿಯಂಗಳದಲ್ಲಿರುತ್ತದೆ. ಬಟ್ಟೆಯನ್ನು ಅಲ್ಲೇ ಬಿಸಿ ಮಾಡಿ ಒಳಗೆ ತಂದು ಹೊದಿಸುತ್ತಾರೆ. ಯಾರಾದರೂ ಸಂದು ಮುಚ್ಚಲು ಹೋದರೆ ಚಿಕ್ಕಲಕ್ಷ್ಮಮ್ಮ ಸುಮ್ಮನೆ ಎದ್ದು ಬಂದು ಕೈ ಹಿಡಿದುಕೊಳ್ಳುತ್ತಾಳೆ.

ಕೇಳುತ್ತಿರುವ ಅಕ್ಕ-ತಂಗಿಯರೇ, ಅಣ್ಣಂದಿರೇ, ಬಾಣಂತಿಗೆ ಬೆಚ್ಚಗೆ ಹೊದಿಸಿ, ಬೇಡ ಎನ್ನುವವರಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಇದ್ದಿಲ ಕಾರು, ಬಸ್ಸು ಹತ್ತಿದರೆ ಕಿಟಕಿ ತೆರೆಯಿರಿ, ಗಾಳಿಕಿಂಡಿ ಕಟ್ಟಿದ್ದರೆ ಬಿಡಿಸಿ. ನಿಂತ ಗಾಡಿಯೊಳಗೆ ಯಾರನ್ನೂ ಮಲಗಿಸಬೇಡಿ. ತಲೆ ಸಿಡಿಯುತ್ತದೆ ಎಂದವರನ್ನು ಮೊದಲು ಹೊರಗೆ ಕರೆತನ್ನಿ, ಆಮೇಲೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಲ್ಲಿಗಮ್ಮನ ಬಾಗಿಲು ತಟ್ಟಿ ಈ ಮಾತು ಹೇಳಲು ಅಂದು ಯಾರೂ ಹೋಗಲಿಲ್ಲ. ನಿಮ್ಮ ಬೀದಿಯಲ್ಲಿ ಬಾಣಂತಿ ಇದ್ದರೆ ಇವತ್ತೇ ಹೋಗಿ.