ಅಪ್ಪನ ಗ್ರ್ಯಾಂಡ್

ಗ್ರ್ಯಾಂಡ್ ಎಂದರೆ ಭಾರೀ, ಅದ್ದೂರಿ ಎಂದು ನಿಘಂಟಿನಲ್ಲಿ ಬರೆದ ಪುಣ್ಯಾತ್ಮ ನಮ್ಮ ಕ್ಲೇರ್ ಸೀಮೆಯಲ್ಲಿ ಒಂದು ದಿನವೂ ಬಾಳಿದವನಲ್ಲ. ಇಲ್ಲಿ ಅದಕ್ಕೆ ಪರವಾಗಿಲ್ಲ ಎಂದಷ್ಟೇ ಅರ್ಥ: ಆರಿದ ಚಹಾವೂ ಗ್ರ್ಯಾಂಡ್, ನೀರು ಸೋರುವ ಬೂಟೂ ಗ್ರ್ಯಾಂಡ್. ನಮ್ಮಪ್ಪ ಕೋಲ್ಮನ್ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ಡಾಕ್ಟರಿಗೆ ಹೇಳಿದ್ದೂ ಅದನ್ನೇ. ಯಾವುದಾದರೂ ನಿಜಕ್ಕೂ ಜೋರಾಗಿದ್ದರೆ ನಮ್ಮವರು ಆಡುವ ಮಾತು ಬೇರೆ: ಮೈಟಿ.

ಆ ಮಾತು ನನ್ನ ಕೆಲಸಕ್ಕೆ ಅಪ್ಪನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಗಾರೆ ಹಾಕದೆ ಬರೀ ಕಲ್ಲಿನಲ್ಲಿ ಗೋಡೆ ಕಟ್ಟುವುದರಲ್ಲಿ ನಲವತ್ತು ವರ್ಷ ಕಳೆದವನು ಅವನು. ಬೆರಳು ಸೆಟೆದುಕೊಂಡ ಮೇಲೆ ಅವನ ಸುತ್ತಿಗೆ ನನ್ನ ಕೈಗೆ ಬಂತು. ಈ ಫೆಬ್ರವರಿಯ ಬಿರುಗಾಳಿಗೆ ಮೇಲಿನ ಹೊಲದ ಗೋಡೆ ಕುಸಿಯಿತು. ಅರವತ್ತು ಅಡಿ ಉದ್ದದ ಗೋಡೆಯನ್ನು ಐದು ವಾರದಲ್ಲಿ ಒಬ್ಬಳೇ ಎತ್ತಿದೆ. ಎರಡು ಉಗುರು ಹೋದವು. ಈ ಸಲವಾದರೂ ಮೈಟಿ ಅಂದಾನು ಎಂದುಕೊಂಡು ಅಪ್ಪನನ್ನು ಕರೆದುಕೊಂಡು ಹೋದೆ.

ಅಪ್ಪ ಗೋಡೆಯ ಉದ್ದಕ್ಕೂ ನಡೆದ. ಬಗ್ಗಿ ಬುಡ ನೋಡಿದ. ಒಂದೊಂದೇ ಕಲ್ಲಿಗೆ ಕೈಹಚ್ಚಿ ಅಲುಗಿಸಿ ನೋಡಿದ, ಒಂದೂ ಅಲುಗಲಿಲ್ಲ.

"ಗ್ರ್ಯಾಂಡ್," ಅಂದ.

ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಪಕ್ಕದ ಹೊಲದ ಫೆಸ್ಟಿ ತನ್ನ ಹೊಸ ಗೇಟು ತೋರಿಸಲು ಅಲ್ಲಿಂದಲೇ ಕೂಗಿದ. ಅಂಗಡಿಯಿಂದ ತಂದ ಗೇಟು, ಅದೂ ಸೊಟ್ಟಗೆ ನೇತಾಡುತ್ತಿತ್ತು.

"ಮೈಟಿ ಕಣೋ ಫೆಸ್ಟಿ, ಮೈಟಿ!" ಎಂದು ಅಪ್ಪ ಕೈ ಬೀಸಿದ.

ಫೆಸ್ಟಿ ಹಿಗ್ಗಿ ಹೀರೇಕಾಯಿಯಾಗಿ ಹೋದ. ನಾನು ಅಪ್ಪನಿಗೆ ಅಡ್ಡ ನಿಂತೆ.

"ಆ ಸೊಟ್ಟ ಗೇಟಿಗೆ ಮೈಟಿ, ನನ್ನ ಗೋಡೆಗೆ ಗ್ರ್ಯಾಂಡಾ? ಕಣ್ಣು ಹೋಗಿದ್ಯಾ ಅಪ್ಪಾ ನಿಂಗೆ?"

"ಅವನ ಗೇಟು ನಾನೆಲ್ಲಿ ನೋಡ್ದೆ? ಪಾಪ, ಖುಷಿಯಾಗ್ಲಿ ಅಂತ ಅಂದೆ."

"ನಂಗೂ ಖುಷಿ ಬೇಕು! ಒಂದ್ಸಲ ಅಂದ್ರೆ ನಿನ್ ಗಂಟೇನು ಹೋಗುತ್ತೆ?"

"ಆಯ್ತು ಡೆಲಿಯಾ. ಮೈಟಿ. ಭಾರೀ ಮೈಟಿ," ಅಂದ, ಫೆಸ್ಟಿಗೆ ಅಂದ ದನಿಯಲ್ಲೇ, ಗೋಡೆಯ ಕಡೆ ತಿರುಗಿಯೂ ನೋಡದೆ.

ಇಷ್ಟು ವರ್ಷ ಕಾದ ಮಾತು ಕಿವಿಗೆ ಬಿದ್ದರೂ ಎದೆಗೆ ಇಳಿಯಲಿಲ್ಲ. ಸಿಟ್ಟಿಗೆ ಅಳುವೇ ಬಂತು.

"ಹಾಗಲ್ಲ!" ಎಂದು ಕಿರುಚಿದೆ.

"ಮತ್ತೆ ಹೇಗೇ? ಗ್ರ್ಯಾಂಡ್ ಅಂದಿದ್ದು ಕಲ್ಲು ಕಲ್ಲೂ ನೋಡಿ ಅಂದಿದ್ದು. ಅದು ಬೇಡ ಅಂದೋಳು ನೀನೇ."

ನಾನು ಕಣ್ಣೊರೆಸಿಕೊಂಡೆ.

"ಹಾಗಾದ್ರೆ... ಅದನ್ನೇ ಇನ್ನೊಂದ್ಸಲ ಅನ್ನಪ್ಪಾ."

"ಒಂದ್ಸಲ ಅಂದಾಯ್ತಲ್ಲ," ಎನ್ನುತ್ತ ಅಪ್ಪ ಮನೆಯ ದಾರಿ ಹಿಡಿದ.